ಅಡುಗೆಮನೆಯ ಮಸೂರ



ಈ ಭಾಷಣದ ಆರಂಭದಲ್ಲಿ ಪರದೆಯ ಮೇಲೆ ನಾನು ಎರಡು ವಸ್ತುಗಳನ್ನು ತೋರಿಸಿದೆ. ಒಂದು, ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಇರುವಂಥ ಭೂತಗನ್ನಡಿ. ಇನ್ನೊಂದು, ಬಟ್ಟಲಿನಲ್ಲಿ ಹಾಕಿದ ಒಂದು ಹಿಡಿ ಚನ್ನಂಗಿ ಕಾಳು. ಕಾರ್ಯಕ್ರಮ ನೋಡದೆ ಈ ಪುಸ್ತಿಕೆಯನ್ನು ಮಾತ್ರ ಓದುತ್ತಿರುವವರು ಇವೆರಡನ್ನೂ ಮನಸ್ಸಿನಲ್ಲಿ ತಂದುಕೊಳ್ಳಿ. ಈಗ ನನ್ನ ಪ್ರಶ್ನೆ. ಇವೆರಡರಲ್ಲಿ ಮಸೂರ ಯಾವುದು?

ನಿಮ್ಮಲ್ಲಿ ಹೆಚ್ಚಿನವರು ಭೂತಗನ್ನಡಿಯ ಗಾಜನ್ನು ತೋರಿಸುತ್ತೀರಿ. ಪೀನ ಮಸೂರ, ನಿಮ್ನ ಮಸೂರ ಎಂದು ಪಾಠದಲ್ಲಿ ಓದಿದ್ದೀರಿ, ಚಿತ್ರ ಬರೆದು ಅಂಕ ಪಡೆದಿದ್ದೀರಿ. ಆದರೆ ಮನೆಗೆ ದಿನಸಿ ತರಲು ಅಂಗಡಿಗೆ ಹೋಗುವ ಒಬ್ಬಿಬ್ಬರು ಬಟ್ಟಲನ್ನು ತೋರಿಸಬಹುದು. ಏಕೆಂದರೆ ನಾವು ಚನ್ನಂಗಿ ಎನ್ನುವ ಬೇಳೆಯನ್ನು ಅಂಗಡಿಯವರು ಮಸೂರ್ ಬೇಳೆ ಎಂದು ಕಟ್ಟಿಕೊಡುತ್ತಾರೆ. ಇಬ್ಬರ ಉತ್ತರವೂ ಸರಿ. ಎರಡೂ ಮಸೂರವೇ. ಕಾಳಿನ ಹೆಸರನ್ನು ಗಾಜಿಗೆ ಇಟ್ಟಿದ್ದಾರೆ, ಅಷ್ಟೇ. ಹೀಗೆ ಇಟ್ಟದ್ದೇಕೆ, ಅದರಿಂದ ನಮಗೇನು ಎಂಬುದೇ ಇಂದಿನ ಮಾತು.

ನನ್ನ ಊರು ಬಾಳೂರು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದು, ಅಲ್ಲಿಂದ ಕಳಸದ ಕಡೆಗೆ ಹೊರಟರೆ ಸಿಗುವ ಕಾಫಿ ತೋಟಗಳ ಊರು. ನಾನು ಹೈಸ್ಕೂಲಿನಲ್ಲಿದ್ದಾಗ ಪರೀಕ್ಷೆಯ ಹಿಂದಿನ ದಿನ ಒಲೆಯ ಪಕ್ಕ ಕುಳಿತು ಬಾಯಿಪಾಠ ಮಾಡುತ್ತಿದ್ದೆ. ಮಸೂರ ಎಂದರೇನು, ಅದರಲ್ಲಿ ಎಷ್ಟು ವಿಧ, ಸಂಗಮದೂರ ಎಂದರೇನು, ಹೀಗೆ. ಅವ್ವ ಎದುರಿಗೆ ಮೊರ ಇಟ್ಟುಕೊಂಡು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳಿಗೆ ಓದು ಬರಹ ಇರಲಿಲ್ಲ. ಸ್ವಲ್ಪ ಹೊತ್ತು ಕೇಳಿ ಕೇಳಿ ಕೊನೆಗೆ ಕೇಳಿದಳು:

"ಎಂತದ ಮಗ ಅದು, ಮಸೂರ ಮಸೂರ ಅಂತ ಒಂದೇ ಸಮ ಹೇಳ್ತಿದೀಯಲ್ಲ?"

"ಅದೊಂದು ಗಾಜು ಅವ್ವ."

"ಗಾಜಿಗೆ ಗಾಜು ಅನ್ನೋದು ಬಿಟ್ಟು ಹಂಗ್ಯಾಕೆ ಹೆಸರಿಟ್ರು?"

"ಪುಸ್ತಕದಲ್ಲಿ ಹಂಗೇ ಇರದು."

ಅವಳು ಮತ್ತೆ ಕೇಳಲಿಲ್ಲ. ನಾನೂ ಯೋಚಿಸಲಿಲ್ಲ. ಮರುದಿನ ಪರೀಕ್ಷೆಯಲ್ಲಿ ಉತ್ತರ ಬರೆದೆ, ಒಳ್ಳೆಯ ಅಂಕವೂ ಬಂತು. ಅವಳ ಮೊರದಲ್ಲಿ ಅಂದು ಇದ್ದದ್ದು ಚನ್ನಂಗಿ ಬೇಳೆ. ನಾನು ಯಾವುದರ ಹೆಸರನ್ನು ನೂರು ಸಲ ಉರುಹೊಡೆಯುತ್ತಿದ್ದೆನೋ ಅದು ಎರಡು ಮಾರು ದೂರದಲ್ಲಿ ಮೊರದ ಮೇಲೆ ಹರಡಿಕೊಂಡಿತ್ತು. ಈ ಸಂಗತಿ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಮೊದಲು ಗಿಡವನ್ನು ನೋಡೋಣ. ಬಾಳೂರಿನಲ್ಲಿ ಹುಡುಕಿದರೆ ಈ ಗಿಡ ನಿಮಗೆ ಸಿಗುವುದಿಲ್ಲ. ಮಧ್ಯಪ್ರದೇಶ, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳ ಹೊಲಗಳಲ್ಲಿ ಚಳಿಗಾಲದಲ್ಲಿ ಇದನ್ನು ಬೆಳೆಯುತ್ತಾರೆ. ಗಿಡ ಮೊಣಕಾಲಿನ ಎತ್ತರಕ್ಕೆ ಬಂದರೆ ಹೆಚ್ಚು. ಗರಿಯಂತೆ ಜೋಡಿ ಜೋಡಿಯಾಗಿ ಸಣ್ಣ ಎಲೆಗಳು, ಅವುಗಳ ತುದಿಯಲ್ಲಿ ಹಿಡಿದುಕೊಳ್ಳಲು ನೂಲಿನಂಥ ಬಳ್ಳಿಕುಡಿ. ಬಿಳಿ ಅಥವಾ ತೆಳು ನೀಲಿ ಬಣ್ಣದ ಪುಟ್ಟ ಹೂವು. ಕಾಯಿ ಚಪ್ಪಟೆ. ಬಿಡಿಸಿದರೆ ಒಳಗೆ ಒಂದೋ ಎರಡೋ ಕಾಳು ಮಾತ್ರ. ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿದರೆ ಫೆಬ್ರವರಿ, ಮಾರ್ಚಿಯಲ್ಲಿ ಕೊಯ್ಲು. ಈ ಗಿಡಕ್ಕೆ ತಂಪು ಬೇಕು, ಆದರೆ ನೀರು ಹೆಚ್ಚಾದರೆ ಆಗದು. ಬೇರಿನ ಬುಡದಲ್ಲಿ ನೀರು ನಿಂತರೆ ಗಿಡ ಸಾಯುತ್ತದೆ. ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಮಲೆನಾಡಿನಲ್ಲಿ ಅದು ಹೇಗೆ ಬದುಕೀತು?

ಸಸ್ಯಶಾಸ್ತ್ರಜ್ಞರು ಇದನ್ನು ಲೆನ್ಸ್ ಕ್ಯುಲಿನಾರಿಸ್ ಎಂದು ಕರೆಯುತ್ತಾರೆ. ಕ್ಯುಲಿನಾರಿಸ್ ಎಂದರೆ ಅಡುಗೆಮನೆಗೆ ಸೇರಿದ್ದು. ಲೆನ್ಸ್ ಎಂಬ ಮಾತನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ, ಮುಂದೆ ಅದಕ್ಕೆ ಬರುತ್ತೇನೆ. ಮನುಷ್ಯ ಮೊಟ್ಟಮೊದಲು ಸಾಕಿ ಬೆಳೆಸಿದ ಕೆಲವೇ ಬೆಳೆಗಳಲ್ಲಿ ಇದೂ ಒಂದು. ಇಂದಿನ ಸಿರಿಯಾ, ಟರ್ಕಿ, ಇರಾಕ್ ದೇಶಗಳು ಇರುವ ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಗೋಧಿ ಮತ್ತು ಬಾರ್ಲಿಗಳ ಜೊತೆಯಲ್ಲೇ ಇದರ ಬೇಸಾಯ ಆರಂಭವಾಯಿತು. ಅಲ್ಲಿಂದ ಪಶ್ಚಿಮಕ್ಕೆ ಯೂರೋಪಿಗೆ, ಪೂರ್ವಕ್ಕೆ ನಮ್ಮ ದೇಶಕ್ಕೆ ಬಂತು. ಇಂದು ಇದನ್ನು ಅತಿ ಹೆಚ್ಚು ಬೆಳೆಯುವ ದೇಶಗಳಲ್ಲಿ ಕೆನಡಾ ಮತ್ತು ಭಾರತ ಮುಂದಿವೆ. ಆದರೂ ನಮ್ಮ ಬೆಳೆ ನಮಗೆ ಸಾಲದೆ ಕೆನಡಾ, ಆಸ್ಟ್ರೇಲಿಯಾಗಳಿಂದ ತರಿಸಿಕೊಳ್ಳುತ್ತೇವೆ. ಹೀಗಾಗಿ ಬಾಳೂರಿನ ಅಂಗಡಿಯ ಚೀಲದಲ್ಲಿರುವ ಚನ್ನಂಗಿ ಬೇಳೆ ಹಡಗಿನಲ್ಲಿ ಸಾಗರ ದಾಟಿ ಬಂದದ್ದೂ ಇರಬಹುದು. ಇಲ್ಲಿಂದ ಕಾಫಿ ಹೊರದೇಶಕ್ಕೆ ಹೋಗುತ್ತದೆ, ಅಲ್ಲಿಂದ ಬೇಳೆ ಇಲ್ಲಿಗೆ ಬರುತ್ತದೆ.

ಗಿಡ ನಮ್ಮಲ್ಲಿ ಇಲ್ಲದಿದ್ದರೂ ಅದರ ನೆಂಟರು ನಮ್ಮ ಸುತ್ತ ಬೇಕಾದಷ್ಟು ಇದ್ದಾರೆ. ಕಾಫಿ ತೋಟದಲ್ಲಿ ನೆರಳಿಗೆಂದು ನೆಟ್ಟು, ಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣದ ಮರ ನಿಮಗೆ ಗೊತ್ತು. ಅದರ ಕೆಂಪು ಹೂವಿಗೆ ಹಕ್ಕಿಗಳು ಮುತ್ತುವುದನ್ನೂ ನೋಡಿದ್ದೀರಿ. ಆ ಮರ ಚನ್ನಂಗಿಯ ಕುಟುಂಬಕ್ಕೇ ಸೇರಿದ್ದು. ಕಾಡಿನ ಬೀಟೆ ಮರವೂ ಅದೇ ಕುಟುಂಬ. ದಾರಿಬದಿಯ ಮುಟ್ಟಿದರೆ ಮುನಿಯೂ ಅದೇ. ತೊಗರಿ, ಅವರೆ, ಅಲಸಂದೆ, ಹುರುಳಿಗಳ ಮಾತು ಹೇಳಬೇಕಾಗಿಯೇ ಇಲ್ಲ. ನಂಬಿಕೆ ಬರದಿದ್ದರೆ ಹಾಲವಾಣದ ಕಾಯಿಯನ್ನೂ ಅವರೆಕಾಯಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಲಾಗಿ ಬೀಜ ಜೋಡಿಸಿದ ಉದ್ದನೆಯ ಕಾಯಿ ಎರಡರಲ್ಲೂ ಇದೆ.

ಈ ಕುಟುಂಬದ ಬಹುಪಾಲು ಸಸ್ಯಗಳಿಗೆ ಒಂದು ವಿಶೇಷ ಗುಣ ಉಂಟು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಗಿಡಗಳಿಗೆ ಸಾರಜನಕ ಬೇಕೇ ಬೇಕು, ಆದರೆ ಗಾಳಿಯಿಂದ ನೇರವಾಗಿ ತೆಗೆದುಕೊಳ್ಳಲು ಬಾರದು. ಚನ್ನಂಗಿ ಗಿಡವನ್ನು ಮೆಲ್ಲನೆ ಕಿತ್ತು ಬೇರನ್ನು ತೊಳೆದು ನೋಡಿದರೆ ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳ ಒಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತವೆ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆಯ ಅಂಶವನ್ನು ಕೊಡುತ್ತದೆ. ಹೊಲದಲ್ಲಿ ಬೇಳೆಯ ಬೆಳೆ ತೆಗೆದ ಮೇಲೆ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಎಂದು ರೈತರು ಹೇಳುವುದಕ್ಕೆ, ಹಾಲವಾಣದ ಸೊಪ್ಪು ಕಾಫಿಗೆ ಗೊಬ್ಬರ ಎಂದು ತೋಟದವರು ಹೇಳುವುದಕ್ಕೆ ಕಾರಣ ಒಂದೇ.

ಗಾಳಿಯಿಂದ ಹಿಡಿದ ಈ ಸಾರಜನಕವೇ ಕಾಳಿನಲ್ಲಿ ಪ್ರೋಟೀನ್ ಆಗಿ ಕೂಡಿಕೊಳ್ಳುತ್ತದೆ. ಈಗ ಗಿಡದಿಂದ ಅಡುಗೆಮನೆಗೆ ಬಂದೆವು.

ಕನ್ನಡದಲ್ಲಿ ಕಾಳು ಬೇರೆ, ಬೇಳೆ ಬೇರೆ. ಇಡಿಯಾಗಿದ್ದರೆ ಕಾಳು, ಎರಡಾಗಿ ಒಡೆದರೆ ಬೇಳೆ. ಚನ್ನಂಗಿ ಕಾಳಿನ ಸಿಪ್ಪೆ ಕಂದು ಬಣ್ಣ. ಸಿಪ್ಪೆ ತೆಗೆದರೆ ಒಳಗೆ ಕಿತ್ತಳೆ ಹಣ್ಣಿನಂಥ ಕೆಂಪು. ಬೆಂದ ಮೇಲೆ ಆ ಕೆಂಪು ಹೋಗಿ ಹಳದಿ ಆಗುತ್ತದೆ. ನಮ್ಮ ರಾಜ್ಯದಲ್ಲಿ ಬೇಳೆ ಎಂದರೆ ಮೊದಲು ನೆನಪಾಗುವುದು ತೊಗರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಚನ್ನಂಗಿಗೆ ಅಂಥ ಮರ್ಯಾದೆ ಇಲ್ಲ. ವ್ರತದ ದಿನ, ಪೂಜೆಯ ದಿನ ಅದನ್ನು ಒಲೆಯ ಮೇಲೆ ಇಡದ ಮನೆಗಳೂ ಇವೆ. ಆದರೆ ತೊಗರಿಯ ಬೆಲೆ ಏರಿದಾಗ ತೋಟದ ಲೈನು ಮನೆಗಳಲ್ಲಿ ಸಾರಿಗೆ ಆಗಿ ಬರುತ್ತಿದ್ದುದು ಈ ಬೇಳೆಯೇ. ನಮ್ಮ ಮನೆಯಲ್ಲೂ ಹಾಗೇ.

ಅದು ಬೇಗ ಬೇಯುತ್ತದೆ ಎಂಬುದು ಇನ್ನೊಂದು ಕಾರಣ. ಇಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ಓದಿದ್ದೀರಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸುಮಾರು ಸಾವಿರ ಮೀಟರ್ ಎತ್ತರದ ಮಲೆನಾಡಿನ ಊರುಗಳಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಷ್ಟು ಸೌದೆ ತುರುಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಆದುದರಿಂದ ಮಂಗಳೂರಿಗಿಂತ ಬಾಳೂರಿನಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಕುಕ್ಕರಿನಲ್ಲಿ ಆವಿಯನ್ನು ತಡೆದು ಒತ್ತಡ ಹೆಚ್ಚಿಸಿದರೆ 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ, ಬೇಳೆ ಬೇಗ ಬೇಯುತ್ತದೆ. ಕುಕ್ಕರ್ ಇಲ್ಲದ ಕಾಲದಲ್ಲಿ ಏನು ಮಾಡುವುದು? ತೆಳುವಾದ ಬೇಳೆಯನ್ನು ಆರಿಸಿಕೊಳ್ಳುವುದು. ಚನ್ನಂಗಿ ಬೇಳೆ ತೊಗರಿಗಿಂತ ತೆಳು, ನೀರೂ ಬಿಸಿಯೂ ಅದರ ನಡುವನ್ನು ಬೇಗ ಮುಟ್ಟುತ್ತವೆ. ಮಳೆಗಾಲದ ಹಸಿ ಸೌದೆಯಲ್ಲಿ ಅಡುಗೆ ಮಾಡುವವರಿಗೆ ಈ ಲೆಕ್ಕ ಪುಸ್ತಕ ಓದದೆಯೇ ಗೊತ್ತಿತ್ತು. "ಅವನ ಬೇಳೆ ಬೇಯಲಿಲ್ಲ" ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಬೇಳೆ ಬೇಯದ ಸಂಜೆಯ ಕಷ್ಟವನ್ನು ಕಂಡವರು ಆಡಿದ ಮಾತು ಅದು.

ಬೇಳೆ ಇಲ್ಲದೆ ಬರೀ ಅನ್ನ ತಿಂದರೆ ಆಗದೆ? ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ ನೂರು ಗ್ರಾಂ ಚನ್ನಂಗಿ ಬೇಳೆಯಲ್ಲಿ ಸುಮಾರು 24 ಗ್ರಾಂ ಇದೆ. ಆದರೆ ಪ್ರಮಾಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ ಲೈಸಿನ್ ಎಂಬುದು ಅಕ್ಕಿಯಲ್ಲಿ ಕಡಿಮೆ, ಬೇಳೆಯಲ್ಲಿ ಧಾರಾಳ. ಮಿಥಿಯೋನಿನ್ ಎಂಬುದು ಬೇಳೆಯಲ್ಲಿ ಕಡಿಮೆ, ಅಕ್ಕಿಯಲ್ಲಿ ಸಾಕಷ್ಟು ಇದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನ ಸಾರು, ಖಿಚಡಿ, ಬಿಸಿಬೇಳೆ ಬಾತು, ಶಾಲೆಯ ಬಿಸಿಯೂಟದ ಅನ್ನ ಸಾಂಬಾರು ಎಲ್ಲವೂ ಇದೇ ಜೋಡಿ.

ಬೇಳೆಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೇಸರಿ ಬೇಳೆ ಎಂಬುದೊಂದಿದೆ. ಅದನ್ನೇ ಮುಖ್ಯ ಆಹಾರವಾಗಿ ತಿಂಗಳುಗಟ್ಟಲೆ ತಿಂದರೆ ಕಾಲುಗಳ ಶಕ್ತಿ ಕುಂದಿ, ಮತ್ತೆ ನೆಟ್ಟಗೆ ನಡೆಯಲಾಗದಂತೆ ಆಗಬಹುದು. ಆ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರು. 1961ರಲ್ಲಿ ಇದರ ಮಾರಾಟವನ್ನು ತಡೆಯುವ ನಿಯಮ ಬಂತು. ಆದರೂ ಬೇರೆ ಬೇಳೆಗಳ ಜೊತೆ ಕಲಬೆರಕೆ ಮಾಡುವುದುಂಟು. ಗುರುತಿಸುವುದು ಹೇಗೆ? ಚನ್ನಂಗಿಯ ಕಾಳು ದುಂಡಗೆ, ಎರಡೂ ಕಡೆ ಉಬ್ಬಿಕೊಂಡಿರುತ್ತದೆ. ಕೇಸರಿಯ ಕಾಳಿಗೆ ಮೂಲೆಗಳಿರುತ್ತವೆ, ಒಂದು ಬದಿ ಓರೆಯಾಗಿ ಕೊಡಲಿಯ ಬಾಯಿಯಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಸೂರದಿಂದ ಮಸೂರವನ್ನು ಪರೀಕ್ಷಿಸುವುದು ಎಂದರೆ ಇದೇ.

ಇನ್ನು ಹೆಸರಿಗೆ ಬರೋಣ. ಮಸೂರ ಎಂಬುದು ಸಂಸ್ಕೃತದ ಮಾತು, ಬಹಳ ಹಳೆಯದು. ಕಳಸದ ಕಳಸೇಶ್ವರನ ಗುಡಿಯಂಥ ಶಿವಾಲಯಗಳಲ್ಲಿ ರುದ್ರದ ಜೊತೆಗೆ ಚಮಕವನ್ನು ಹೇಳುವುದನ್ನು ನೀವು ಕೇಳಿರಬಹುದು. ಅದು ಯಜುರ್ವೇದದ ಭಾಗ. ತನಗೆ ಏನೇನು ದೊರಕಲಿ ಎಂದು ಕೇಳಿಕೊಳ್ಳುವ ಆ ಪಟ್ಟಿಯಲ್ಲಿ ಭತ್ತ, ಉದ್ದು, ಎಳ್ಳು, ಹೆಸರು, ಗೋಧಿಗಳ ಜೊತೆಗೆ ಮಸೂರವೂ ಇದೆ. ಪೂಜೆಯ ದಿನ ಕೆಲವು ಮನೆಗಳ ಒಲೆಗೆ ಸೇರದ ಕಾಳು ವೇದದ ಪ್ರಾರ್ಥನೆಯಲ್ಲಿ ಕುಳಿತಿರುವುದು ಸ್ವಾರಸ್ಯವಲ್ಲವೆ? ಆಯುರ್ವೇದದ ಗ್ರಂಥಗಳಲ್ಲಿ ಸಿಡುಬು ರೋಗಕ್ಕೆ ಮಸೂರಿಕೆ ಎಂಬ ಹೆಸರಿದೆ. ಮೈಮೇಲೆ ಏಳುವ ಗುಳ್ಳೆಗಳು ಈ ಕಾಳಿನಂತೆ ಕಾಣುತ್ತವೆ ಎಂಬುದೇ ಕಾರಣ. ಆ ರೋಗ ಜಗತ್ತಿನಿಂದಲೇ ತೊಲಗಿತು ಎಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈಗ ಹೆಸರು ಮಾತ್ರ ಉಳಿದಿದೆ.

ಈಗ ಯೂರೋಪಿನ ಕಡೆಗೆ ತಿರುಗೋಣ. ಲ್ಯಾಟಿನ್ ಭಾಷೆಯಲ್ಲಿ ಈ ಕಾಳಿನ ಹೆಸರು ಲೆನ್ಸ್. 13ನೇ ಶತಮಾನದ ಕೊನೆಯ ಹೊತ್ತಿಗೆ ಇಟಲಿಯಲ್ಲಿ ಕನ್ನಡಕ ಬಳಕೆಗೆ ಬಂತು. ಎರಡೂ ಕಡೆ ಉಬ್ಬಿದ, ಅಂಚಿನಲ್ಲಿ ತೆಳುವಾದ ಆ ದುಂಡು ಗಾಜಿಗೆ ಹೊಸ ಹೆಸರು ಬೇಕಾಯಿತು. ಜನ ಊಟದ ತಟ್ಟೆಯ ಕಡೆ ನೋಡಿದರು, ಇದು ಕಾಳಿನ ಹಾಗಿದೆ ಎಂದರು. ಹೀಗೆ ಕಾಳಿನ ಹೆಸರು ಗಾಜಿಗೆ ಹತ್ತಿತು. 17ನೇ ಶತಮಾನದ ಕೊನೆಗೆ ಇಂಗ್ಲಿಷಿಗೂ ಆ ಮಾತು ಬಂತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಲಿನ್ಸೆ ಎಂದರೆ ಕಾಳೂ ಹೌದು, ಗಾಜೂ ಹೌದು. ಅರಬ್ಬಿಯಲ್ಲಿ ಕಾಳು ಅದಸ್, ಗಾಜು ಅದಸಾ. ಜೀವಶಾಸ್ತ್ರ ಓದುವವರಿಗೆ ಗೊತ್ತಿರುವ ಲೆಂಟಿಸೆಲ್, ಅಂದರೆ ಮರದ ತೊಗಟೆಯ ಮೇಲೆ ಗಾಳಿ ಆಡಲು ಇರುವ ಸಣ್ಣ ಉಬ್ಬು ಚುಕ್ಕೆ, ಅದೂ ಇದೇ ಕಾಳಿನ ಹೆಸರಿನದು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಬೇಕೆಂದು ಹೊರಟವರ ಮುಂದೆಯೂ ಇದೇ ಪ್ರಶ್ನೆ ಬಂದಿರಬೇಕು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನೇ ನಡೆಸಿದರು. ಅಂಥವರ ಕಾಲದಿಂದ ಒಂದೊಂದಾಗಿ ಪದಗಳು ಕೂಡಿಬಂದವು. ಲೆನ್ಸ್ ಎಂಬ ಸದ್ದನ್ನು ಹಾಗೇ ಎತ್ತಿಕೊಳ್ಳಬಹುದಿತ್ತು. ನೆರೆಯ ತೆಲುಗಿನವರು ಕಟಕಂ ಎಂದರು, ತಮಿಳಿನವರು ವಿಲ್ಲೈ ಎಂದರು, ಮರಾಠಿಯವರು ಭಿಂಗ ಎಂದರು. ಕನ್ನಡದಲ್ಲಿ ನಿಂತದ್ದು ಮಸೂರ. ಲ್ಯಾಟಿನ್ ಮಾಡಿದ್ದನ್ನೇ ಕನ್ನಡವೂ ಮಾಡಿತು. ಗಾಜಿಗೆ ಕಾಳಿನ ಹೆಸರಿಟ್ಟಿತು.

ಇಲ್ಲಿ ಒಂದು ಮಾತು. ಲೆನ್ಸ್ ಮತ್ತು ಮಸೂರ ಎಂಬ ಎರಡು ಪದಗಳ ಸದ್ದಿನಲ್ಲಿ ಯಾವ ಹೋಲಿಕೆಯೂ ಇಲ್ಲ, ಆದರೆ ಅರ್ಥ ಒಂದೇ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಸಂಸ್ಕೃತದಲ್ಲಿ ಬೇಳೆಯ ಕಟ್ಟು, ಸಾರು ಇವಕ್ಕೆ ಸೂಪ ಎನ್ನುತ್ತಾರೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ಅಡುಗೆಯ ಗ್ರಂಥಕ್ಕೆ 'ಸೂಪಶಾಸ್ತ್ರ' ಎಂದೇ ಹೆಸರು. ಹೋಟೆಲಿನಲ್ಲಿ ಕುಡಿಯುವ ಸೂಪ್ ಇದರಿಂದಲೇ ಬಂತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಫ್ರೆಂಚ್ ಮೂಲಕ ಬಂದ ಬೇರೆಯೇ ಮಾತು. ಪದಗಳ ನಂಟನ್ನು ಸದ್ದು ಕೇಳಿ ತೀರ್ಮಾನಿಸಬಾರದು, ಚರಿತ್ರೆಯನ್ನು ನೋಡಬೇಕು.

ಪದ ಒಮ್ಮೆ ಗಟ್ಟಿಯಾದ ಮೇಲೆ ಅದು ಮೂಲವನ್ನೂ ಮೀರಿ ಬೆಳೆಯುತ್ತದೆ. ಪೀನ ಎಂದರೆ ಉಬ್ಬಿದ್ದು, ಪೀನ ಮಸೂರ ಕಾಳಿನಂತೆಯೇ ಇದೆ. ನಿಮ್ನ ಎಂದರೆ ತಗ್ಗಾದದ್ದು. ನಡು ತಗ್ಗಾಗಿ ಅಂಚು ದಪ್ಪವಾದ ಚನ್ನಂಗಿ ಕಾಳನ್ನು ಯಾರಾದರೂ ಕಂಡಿದ್ದಾರೆಯೆ? ಇಲ್ಲ. ಆದರೂ ನಿಮ್ನ ಮಸೂರ ಎಂದರೆ ನಮಗೆ ಅರ್ಥವಾಗುತ್ತದೆ. ದೂರದ ಹಲಗೆ ಮಂಜಾಗಿ ಕಾಣುವ ವಿದ್ಯಾರ್ಥಿಗಳ ಕನ್ನಡಕದಲ್ಲಿರುವುದು ಅದೇ.

ನೀವೇ ಮಾಡಿ ನೋಡಬಹುದಾದ ಎರಡು ಪ್ರಯೋಗಗಳನ್ನು ಹೇಳುತ್ತೇನೆ. ಒಂದು ಇಡೀ ಚನ್ನಂಗಿ ಕಾಳನ್ನು ನಾಲ್ಕು ಗಂಟೆ ನೆನೆಸಿ, ಸಿಪ್ಪೆ ತೆಗೆದು, ಬೆರಳಿನಿಂದ ಒತ್ತಿ. ಎರಡು ಬೇಳೆಯಾಗುತ್ತದೆ. ಇಡಿಯ ಕಾಳು ಎರಡೂ ಕಡೆ ಉಬ್ಬಿದ್ದು, ಅಂದರೆ ದ್ವಿಪೀನ ಮಸೂರ. ಒಡೆದ ಬೇಳೆ ಒಂದು ಕಡೆ ಸಮತಟ್ಟು, ಒಂದು ಕಡೆ ಉಬ್ಬು. ಅದು ಸಮತಲ ಪೀನ ಮಸೂರದ ಆಕಾರ. ಪಾಠದ ಎರಡು ಚಿತ್ರಗಳು ಈಗ ನಿಮ್ಮ ಅಂಗೈಯಲ್ಲಿವೆ. ಎರಡನೆಯದು, ಬೆಳಗ್ಗೆ ಎದ್ದು ತೋಟಕ್ಕೆ ಹೋಗಿ. ಕಾಫಿ ಎಲೆಯ ಮೇಲೆ ನಿಂತ ಇಬ್ಬನಿಯ ಹನಿಯನ್ನು ಮೇಲಿನಿಂದ ನೋಡಿ. ಹನಿಯ ಕೆಳಗಿನ ಎಲೆಯ ನರ ಉಳಿದ ಕಡೆಗಿಂತ ದಪ್ಪವಾಗಿ ಕಾಣುತ್ತದೆ. ಪೇಟೆಯಲ್ಲಿರುವವರು ಪತ್ರಿಕೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಹನಿ ನೀರು ಬಿಡಿ. ಅಕ್ಷರ ದೊಡ್ಡದಾಗುತ್ತದೆ. ಆ ಹನಿಯೂ ಒಡೆದ ಬೇಳೆಯ ಆಕಾರದ್ದೇ.

ಕಡೆಯದಾಗಿ, ಅವ್ವನ ಮಾತಿಗೆ ಮರಳುತ್ತೇನೆ.

ನಾನು ಕಾಲೇಜಿಗೆ ಹೋದ ಮೇಲೆ ಪಾಠ ಇಂಗ್ಲಿಷಿನಲ್ಲಿ ಆಯಿತು. ಮಸೂರ ಹೋಗಿ ಲೆನ್ಸ್ ಬಂತು. ಮಸೂರ ಎನ್ನುವುದು ಹಳ್ಳಿ ಶಾಲೆಯ ಮಾತು ಎಂಬ ಸಣ್ಣ ನಾಚಿಕೆಯೂ ನನ್ನಲ್ಲಿ ಇತ್ತು ಎಂದು ಒಪ್ಪಿಕೊಳ್ಳಬೇಕು. ಲೆನ್ಸ್ ಎಂದರೂ ಕಾಳೇ ಎಂಬುದನ್ನು ಗ್ರಂಥಾಲಯದ ಒಂದು ನಿಘಂಟಿನಲ್ಲಿ ಅಕಸ್ಮಾತ್ತಾಗಿ ನೋಡಿದಾಗ ಅವ್ವನ ಮೊರ ನೆನಪಾಯಿತು. ಆದರೆ ಅದನ್ನು ಅವಳಿಗೆ ಹೇಳುವ ಸಂದರ್ಭ ಬರಲಿಲ್ಲ. ಬಂದದ್ದು ಅವಳಿಗೆ ವಯಸ್ಸಾದ ಮೇಲೆ.

ಊರಿಗೆ ಹೋದಾಗ ಒಂದು ದಿನ ಸಾರಿನಲ್ಲಿ ಕಲ್ಲು ಸಿಕ್ಕಿತು. ಮರುದಿನವೂ ಸಿಕ್ಕಿತು. ಅವಳ ಕೈಯಡುಗೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಮೊರವನ್ನು ಮುಖದ ಹತ್ತಿರ ಹಿಡಿದುಕೊಂಡು ಬೆರಳಿನಿಂದ ತಡಕುತ್ತಿರುವುದನ್ನು ಆಮೇಲೆ ನೋಡಿದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಲೆನ್ಸ್ ಹಾಕುತ್ತೇವೆ ಎಂದರು. ಅವಳು ಒಪ್ಪಲಿಲ್ಲ.

"ಕಣ್ಣು ಕಿತ್ತು ಗಾಜು ಕೂರಿಸ್ತಾರಂತೆ. ನಂಗೆ ಬೇಡ ಮಗ. ಇರೋಷ್ಟು ದಿನ ಹಿಂಗೇ ಕಳೀತೀನಿ."

ಮೂರು ತಿಂಗಳು ಹಾಗೇ ಹೋಯಿತು. ಪೊರೆ ಎಂದರೆ ಏನು, ಲೆನ್ಸ್ ಎಂದರೆ ಏನು ಎಂದು ನಾನು ಹೇಳಿದ್ದೆಲ್ಲ ವ್ಯರ್ಥವಾಯಿತು. ಒಂದು ಸಂಜೆ ಡಬ್ಬದಿಂದ ಒಂದು ಚನ್ನಂಗಿ ಕಾಳು ತೆಗೆದು ಅವಳ ಅಂಗೈಯಲ್ಲಿ ಇಟ್ಟೆ.

"ಅವ್ವ, ಕಣ್ಣು ಕೀಳಲ್ಲ. ಕಣ್ಣೊಳಗೆ ಹಿಂಗೇ ಒಂದು ಕಾಳಿದೆ. ಹುಟ್ಟುವಾಗ ತಿಳಿಯಾಗಿತ್ತು, ಈಗ ಮಬ್ಬಾಗಿದೆ. ಅದನ್ನ ತೆಗೆದು ತಿಳಿಯಾಗಿರೋ ಇನ್ನೊಂದು ಕಾಳು ಇಡ್ತಾರೆ. ಅಷ್ಟೇ."

ಅವಳು ಕಾಳನ್ನು ಎರಡು ಬೆರಳಿನ ನಡುವೆ ಹೊರಳಿಸಿ ನೋಡಿದಳು. "ಇಷ್ಟೇನಾ?" ಎಂದಳು. "ಇಷ್ಟೇ" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ನೀನು ಓದ್ತಿದ್ದಿದ್ದು ಇದೇನಾ ಹಂಗಾರೆ, ಮಸೂರ ಅಂತ?" ಎ೦ದಳು. ಮರುವಾರ ಆಸ್ಪತ್ರೆಗೆ ಹೋದೆವು.

ಮಿತ್ರರೆ, ನಾನು ಅವಳಿಗೆ ಹೇಳಿದ್ದು ಸಮಾಧಾನದ ಕಟ್ಟುಕಥೆಯಲ್ಲ. ನಮ್ಮ ಕಣ್ಣಿನ ಮಸೂರ ಸುಮಾರು 9ರಿಂದ 10 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ ಇರುವ, ಕಾಳಿನ ಆಕಾರದ್ದೇ ಆದ ವಸ್ತು. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆದ ತೆರೆಯಲ್ಲ, ಆ ಮಸೂರವೇ ಮಬ್ಬಾಗುವುದು. ಅದರ ತೆಳುವಾದ ಚೀಲವನ್ನು ಉಳಿಸಿಕೊಂಡು ಒಳಗಿನದನ್ನು ತೆಗೆದು, ಅಲ್ಲಿ ಸುಮಾರು 6 ಮಿಲಿಮೀಟರ್ ಅಗಲದ ಕೃತಕ ಮಸೂರವನ್ನು ಇಡುತ್ತಾರೆ. ಇದನ್ನು ಮೊದಲು ಮಾಡಿದವರು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲೆ, 1949ರಲ್ಲಿ. ನಮ್ಮ ದೇಶದ ಮದುರೈಯಲ್ಲಿ ಅರವಿಂದ್ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಎಂಬ ಘಟಕ ತೆರೆದು, ಬಡವರ ಕೈಗೂ ಎಟುಕುವ ಬೆಲೆಯಲ್ಲಿ ಈ ಮಸೂರಗಳನ್ನು ತಯಾರಿಸತೊಡಗಿದರು. ಈಗ ಕಣ್ಣಿನ ಆಸ್ಪತ್ರೆಗಳ ಬೋರ್ಡಿನಲ್ಲಿ ಫೇಕೋ ಎಂಬ ಮಾತನ್ನು ನೋಡುತ್ತೀರಿ. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಬಳಕೆಗೆ ತಂದ ವಿಧಾನ ಅದು. ಶ್ರವಣಾತೀತ ಕಂಪನದಿಂದ ಮಬ್ಬಾದ ಮಸೂರವನ್ನು ಪುಡಿಮಾಡಿ ಹೀರಿಕೊಳ್ಳುತ್ತಾರೆ. ಫೇಕೋ ಎಂಬುದು ಗ್ರೀಕ್ ಭಾಷೆಯ ಫಕೋಸ್ ಎಂಬುದರಿಂದ ಬಂದದ್ದು. ಫಕೋಸ್ ಎಂದರೆ ಏನು ಗೊತ್ತೆ? ಚನ್ನಂಗಿ ಕಾಳು.

ಲೆನ್ಸ್ ಎನ್ನಬೇಡಿ, ಇಂಗ್ಲಿಷ್ ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಮುಂದೆ ನೀವು ವೈದ್ಯರಾಗಬಹುದು, ಎಂಜಿನಿಯರ್ ಆಗಬಹುದು, ಎರಡು ಮೂರು ಭಾಷೆಗಳು ಬೇಕಾಗುತ್ತವೆ. ಆದರೆ ಯಾವ ಭಾಷೆಯ ಪದವನ್ನು ಕಲಿತರೂ ಅದರ ಹಿಂದೆ ಇರುವ ವಸ್ತುವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದು, ಕಂಡದ್ದನ್ನು ಊರಿನವರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ವಸ್ತುವನ್ನು ಕಂಡವರ ಬಾಯಲ್ಲಿ ಮಾತು ಸುಲಭವಾಗಿ ಬರುತ್ತದೆ. ಕಾಣದೆ ಉರುಹೊಡೆದವನ ಮಾತು ಪರೀಕ್ಷೆಯ ಕೋಣೆಯಿಂದ ಆಚೆಗೆ ಬರುವುದಿಲ್ಲ. ಅವ್ವ ಅಂದು ಕೇಳಿದಾಗಲೇ ನನಗೆ ಉತ್ತರ ಗೊತ್ತಿದ್ದರೆ, ಮುಂದೆ ಅವಳು ಮೂರು ತಿಂಗಳು ಮಬ್ಬಿನಲ್ಲಿ ಕಳೆಯಬೇಕಾಗಿರಲಿಲ್ಲ.

ಇಂದು ಸಂಜೆ ಮನೆಯಲ್ಲಿ ಯಾರಾದರೂ ಬೇಳೆ ಆರಿಸುತ್ತಿದ್ದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮ ಪಾಠದ ಒಂದು ಪದವನ್ನು ಅವರಿಗೆ ತಿಳಿಯುವಂತೆ ಹೇಳಲು ಪ್ರಯತ್ನಿಸಿ. ಹೇಳಲು ಬಂದರೆ ಪಾಠ ನಿಮಗೆ ಬಂದಿದೆ. ಬಾರದಿದ್ದರೆ ಅವರ ಮೊರದ ಕಡೆ ಒಮ್ಮೆ ನೋಡಿ.

ಅಂದಹಾಗೆ, ಅವ್ವ ಆಮೇಲೆ ಬಹಳ ವರ್ಷ ಬೇಳೆ ಆರಿಸಿದಳು. ಸಾರಿನಲ್ಲಿ ಮತ್ತೆ ಕಲ್ಲು ಸಿಗಲಿಲ್ಲ.